ಗೋಡೆಯೊಳಗೆ ಹೋಗುವ ಕೇಬಲ್ ತಾಮ್ರದ್ದೇ ಇರಲಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಮನೆಯ ಇಂಟರ್ನೆಟ್ ಜಾಲಕ್ಕೆ ಬೇಕಾದ ಕ್ಯಾಟ್ 6 ಕೇಬಲ್ ಕೇಳಿದರೆ ಎರಡು ಬಗೆಯ ಪೆಟ್ಟಿಗೆ ಮುಂದಿಡುತ್ತಾರೆ. ಎರಡರ ಮೇಲೂ 305 ಮೀಟರ್ ಅಂತಲೇ ಇರುತ್ತದೆ, ಒಂದರ ಬೆಲೆ ಮಾತ್ರ ಸಾಕಷ್ಟು ಕಡಿಮೆ. ಅದರ ಮೂಲೆಯಲ್ಲೆಲ್ಲೋ ಸಣ್ಣಕ್ಷರದಲ್ಲಿ ‘ಸಿಸಿಎ’ ಎಂದಿದ್ದರೆ ಅಲ್ಲಿಗೇ ಬಿಡಿ.

ಸಿಸಿಎ ಎಂದರೆ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ. ‘ಸಿಗ್ನಲ್ ಹೊರಮೈಯಲ್ಲೇ ಹೋಗುತ್ತೆ ಸಾರ್, ಒಳಗೆ ಏನಿದ್ರೇನು’ ಅಂತ ಅಂಗಡಿಯವರು ಹೇಳುವುದುಂಟು. ಅರ್ಧ ನಿಜ. ಆದರೆ ಸೀಲಿಂಗಿನ ವೈಫೈ ಆಕ್ಸೆಸ್ ಪಾಯಿಂಟಿಗೂ ಗೇಟಿನ ಕ್ಯಾಮೆರಾಗೂ ಕರೆಂಟು ಇದೇ ಕೇಬಲ್‌ನಲ್ಲಿ ಪಿಒಇ (ಡೇಟಾ ಕೇಬಲ್ಲಿನಲ್ಲೇ ಕರೆಂಟು ಕಳಿಸುವ ವಿಧಾನ) ಮೂಲಕ ಹೋಗುತ್ತದೆ. ಅದು ಡಿಸಿ, ತಂತಿಯ ಇಡೀ ದಪ್ಪವನ್ನೂ ಬಳಸಿಕೊಳ್ಳುತ್ತದೆ. ಸಿಸಿಎಯ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಅಷ್ಟು ವೋಲ್ಟೇಜ್ ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. ಹಗಲೆಲ್ಲ ಸರಿಯಾಗಿದ್ದ ಕ್ಯಾಮೆರಾ ರಾತ್ರಿ ಇನ್‌ಫ್ರಾರೆಡ್ ದೀಪ ಹತ್ತಿದ ಕೂಡಲೇ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಕೇಬಲ್ ಮೇಲೇ ಅನುಮಾನಪಡಿ. ಅಲ್ಯೂಮಿನಿಯಂ ತಂತಿ ನಾಲ್ಕೈದು ಸಲ ಬಗ್ಗಿಸಿದರೆ ಮುರಿದೂ ಹೋಗುತ್ತದೆ.

ಗುರುತಿಸುವುದು ಸುಲಭ. ಒಂದು ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ಸಿಸಿಎ. ಪೆಟ್ಟಿಗೆ ಎತ್ತಿ ನೋಡಿದರೂ ತಿಳಿಯುತ್ತದೆ. 305 ಮೀಟರ್ ಕ್ಯಾಟ್ 6ರಲ್ಲಿ ತಾಮ್ರದ ತೂಕವೇ ಐದು ಕಿಲೋ ದಾಟುತ್ತದೆ, ಸಿಸಿಎ ಆದರೆ ಅದರ ಅರ್ಧವೂ ಇರದು.

ಇನ್ನು ಕ್ಯಾಟ್ ಸಂಖ್ಯೆ. ಇದಕ್ಕೆ ಜನ ತಲೆ ಕೆಡಿಸಿಕೊಳ್ಳುವಷ್ಟು ಅಗತ್ಯವಿಲ್ಲ. ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ 1 ಗಿಗಾಬಿಟ್, 2.5 ಗಿಗಾಬಿಟ್ ಎರಡನ್ನೂ ಹೊರುತ್ತದೆ. ಕ್ಯಾಟ್ 6 ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್ ಒಯ್ಯಬಲ್ಲದು, 30×40 ಸೈಟಿನ ಎರಡು ಮಹಡಿ ಮನೆಯಲ್ಲಿ ಅತಿ ಉದ್ದದ ಓಟ 25 ಮೀಟರ್ ದಾಟುವುದೇ ಕಷ್ಟ. ಕ್ಯಾಟ್ 6ಎ ದಪ್ಪ, ಬಿರುಸು, ಸ್ವಿಚ್ ಬಾಕ್ಸಿನೊಳಗೆ ಮಡಚಲು ಪಾಡು ಪಡಬೇಕು. ಕ್ಯಾಟ್ 7 ಎಂದು ಆನ್‌ಲೈನ್‌ನಲ್ಲಿ ಮಾರುವ ಚಪ್ಪಟೆ ಕೇಬಲ್‌ಗಳನ್ನು ಮರೆತುಬಿಡಿ. ಆ ದರ್ಜೆಗೆಂದು ಮಾಡಿದ ಕನೆಕ್ಟರ್‌ಗಳೇ ಬೇರೆ, ಆರ್‌ಜೆ45 (ಸಾಮಾನ್ಯ ಲ್ಯಾನ್ ಪ್ಲಗ್) ತಲೆ ಹಾಕಿದ ಮೇಲೆ ಆ ಹೆಸರಿಗೆ ಅರ್ಥವಿಲ್ಲ. ಶೀಲ್ಡ್ (ಲೋಹದ ಹೊದಿಕೆ) ಇರುವ ಕೇಬಲ್ ಕೂಡ ಮನೆಗೆ ಬೇಡ. ಶೀಲ್ಡನ್ನು ಸರಿಯಾಗಿ ಅರ್ತ್ ಮಾಡದಿದ್ದರೆ ಕೊಟ್ಟ ಹೆಚ್ಚಿನ ಹಣ ದಂಡ. ಒಟ್ಟಿನಲ್ಲಿ ಶುದ್ಧ ತಾಮ್ರದ, ಒಂಟಿ ಎಳೆಯ (ಪ್ರತಿ ತಂತಿಯೂ ಒಂದೇ ಗಟ್ಟಿ ಎಳೆ), 23 ಗೇಜ್ ಕ್ಯಾಟ್ 6 ಯುಟಿಪಿ (ಶೀಲ್ಡ್ ಇಲ್ಲದ್ದು) ಕೇಳಿ.

ಎಷ್ಟು ಬೇಕು? ಟಿವಿ, ಓದುವ ಕೋಣೆ, ಎರಡು ಮಲಗುವ ಕೋಣೆ, ಮಹಡಿಗೊಂದು ಆಕ್ಸೆಸ್ ಪಾಯಿಂಟ್, ಎರಡು ಕ್ಯಾಮೆರಾ ಸೇರಿದರೆ ಎಂಟು ಜಾಗ. ಸರಾಸರಿ 15 ಮೀಟರ್ ಹಿಡಿದರೆ 120 ಮೀಟರ್. ಒಂದೊಂದು ಜಾಗಕ್ಕೂ ಎರಡೆರಡು ಎಳೆದರೂ 240, ಒಂದೇ ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಟಿವಿಗೂ ಓದುವ ಕೋಣೆಗೂ ಎರಡೆರಡು ಖಂಡಿತ ಎಳೆಸಿ.

ಕೇಬಲ್ ಒಳ್ಳೆಯದಿದ್ದರೂ ಮನೆ ನೆಟ್‌ವರ್ಕ್ ಕೆಡುವುದು ಬಹುಪಾಲು ತುದಿಗಳಲ್ಲಿ. ಗೋಡೆಯಿಂದ ಬಂದ ಕೇಬಲ್‌ಗೆ ನೇರವಾಗಿ ಆರ್‌ಜೆ45 ಕ್ರಿಂಪ್ ಮಾಡಿ (ಟೂಲಿನಿಂದ ಒತ್ತಿ ಕೂರಿಸಿ) ನೇತುಬಿಡುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಒಂಟಿ ಎಳೆಯ ತಂತಿ ಅಲುಗಾಡಿದಷ್ಟೂ ಸವೆಯುತ್ತದೆ. ಗೋಡೆಗೆ ಜಾಕ್ ಕೂರಿಸಿ, ಪಂಚ್ ಡೌನ್ ಟೂಲಿನಲ್ಲಿ ಎಳೆಗಳನ್ನು ಒತ್ತಿ, ಜಾಕ್‌ನಿಂದ ಟಿವಿಗೆ ಕಾರ್ಖಾನೆಯಲ್ಲೇ ಮಾಡಿದ ಪ್ಯಾಚ್ ಕಾರ್ಡ್ ಬಳಸಿ. ಅದರೊಳಗೆ ಹಲವು ಎಳೆಯ ತಂತಿ ಇರುವುದರಿಂದ ಎಷ್ಟು ಬಗ್ಗಿದರೂ ತಾಳುತ್ತದೆ.

ಕ್ಯಾಮೆರಾ ತುದಿಯಂಥ ಕಡೆ ಕ್ರಿಂಪ್ ಮಾಡಲೇಬೇಕಾಗುತ್ತದೆ. ಆಗ ಒಂಟಿ ಎಳೆಗೆಂದೇ ಇರುವ ಕ್ಯಾಟ್ 6 ಕನೆಕ್ಟರ್ ಕೇಳಿ ತನ್ನಿ. ಅದರ ಪಿನ್ ಮೂರು ಹಲ್ಲಿನದು, ತಂತಿಯನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯುತ್ತದೆ. ಎರಡು ಹಲ್ಲಿನದು ಹಲವು ಎಳೆಯ ತಂತಿಯೊಳಗೆ ಚುಚ್ಚಿಕೊಳ್ಳುವಂಥದ್ದು. ಒಂಟಿ ಎಳೆಗೆ ಹಾಕಿದರೆ ಮೊದಲ ದಿನ ಕೆಲಸ ಮಾಡಿ ಆರು ತಿಂಗಳಿಗೆ ಕೈಕೊಡುತ್ತದೆ. ಕ್ಯಾಟ್ 5ಇ ಕನೆಕ್ಟರಿಗೆ 23 ಗೇಜ್ ಎಳೆಗಳು ಸುಲಭವಾಗಿ ತೂರುವುದಿಲ್ಲ, ತೂರಿಸಲು ಹೋಗಿ ಬಣ್ಣಗಳು ಅದಲುಬದಲಾಗುತ್ತವೆ.

ಹೊರಕವಚವನ್ನು ಎರಡೂವರೆ ಸೆಂಟಿಮೀಟರ್ ಸುಲಿಯಿರಿ, ಒಳ ಎಳೆಗೆ ಬ್ಲೇಡ್ ತಾಗಿದ್ದರೆ ಕತ್ತರಿಸಿ ಮತ್ತೆ ಶುರುಮಾಡಿ. ಒಳಗೆ ಎರಡೆರಡಾಗಿ ತಿರುಚಿದ ಎಂಟು ಎಳೆಗಳಿರುತ್ತವೆ. ಅವನ್ನು ಜೋಡಿಸುವ ಟಿ568ಬಿ ಎಂಬ ಬಣ್ಣದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ. ತಿರುಚು ಬಿಚ್ಚುವುದು 13 ಮಿ.ಮೀ. ಮೀರಬಾರದು, ಒತ್ತಿದ ಮೇಲೆ ಹೊರಕವಚ ಕನೆಕ್ಟರಿನ ಬಾಯೊಳಗೆ ಇರಲೇಬೇಕು. ಎಳೆಗಳು ಹೊರಗೆ ಕಾಣುತ್ತಿದ್ದರೆ ಆ ತಲೆ ಕತ್ತರಿಸಿ ಹಾಕಿ.

ನೀಲಿ ಜೋಡಿ ಹಸಿರಿನ ಮಧ್ಯೆ ಯಾಕೆ ನುಸುಳಿದೆ ಎಂದು ಗೊತ್ತಿಲ್ಲದವರು ‘ಅಂದವಾಗಿರಲಿ’ ಅಂತ ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಸಾಲಾಗಿ ಜೋಡಿಸಿಬಿಡುತ್ತಾರೆ. ಎರಡೂ ತುದಿಗೆ ಹಾಗೇ ಮಾಡಿದರೆ ಎಲ್‌ಇಡಿ ಟೆಸ್ಟರ್‌ನಲ್ಲಿ ಎಂಟೂ ದೀಪ ವರಸೆಯಾಗಿ ಉರಿಯುತ್ತವೆ. ಆದರೆ 3 ಮತ್ತು 6ನೇ ಪಿನ್ನಿನ ಸಿಗ್ನಲ್ ಒಂದೇ ತಿರುಚಿನ ಜೋಡಿಯಲ್ಲಿ ಹೋಗಬೇಕು. ಸಾಲಾಗಿ ಜೋಡಿಸಿದಾಗ ಒಂದು ಹಸಿರು ಜೋಡಿಯಲ್ಲಿ, ಇನ್ನೊಂದು ನೀಲಿಯಲ್ಲಿ ಹೋಗುತ್ತದೆ. ತಿರುಚಿನಿಂದ ಸಿಗಬೇಕಾದ ರಕ್ಷಣೆ ಸಿಗದೆ ಪಕ್ಕದ ಜೋಡಿಯ ಗದ್ದಲ ಒಳನುಗ್ಗುತ್ತದೆ. ಟೆಸ್ಟರ್ ಸರಿ ಅನ್ನುತ್ತೆ, ವಿಡಿಯೊ ಕಾಲ್ ಮುಗ್ಗರಿಸುತ್ತೆ.

ಇನ್ನೊಂದು ಗುರುತು: 300 ಎಂಬಿಪಿಎಸ್ ಪ್ಲಾನಿದ್ದೂ ಸ್ಪೀಡ್ ಟೆಸ್ಟ್ 94ರ ಆಸುಪಾಸಿನಲ್ಲೇ ನಿಂತರೆ ಕಂಪನಿಗೆ ಫೋನ್ ಮಾಡುವ ಮುಂಚೆ ಕೇಬಲ್ ತುದಿ ನೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಸರಿಯಾಗಿ ಕೂರದಿದ್ದರೆ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ.

ಪೈಪಿನ ಮಾತು ಮೋಲ್ಡ್ ಹಾಕುವ ಮುಂಚೆಯೇ ಆಗಬೇಕು. ಕರೆಂಟಿನ ಪೈಪಿನಲ್ಲಿ ಜಾಗವಿದೆ ಅಂತ ಅದರಲ್ಲೇ ತೂರಿಸಲು ಬಿಡಬೇಡಿ. ಅಪಾಯ, ಗದ್ದಲ ಎರಡೂ ಇದೆ. ಬೇರೆ ಪೈಪ್ ಹಾಕಿಸಿ, ಸಮಾನಾಂತರ ಹೋಗುವಲ್ಲಿ ಒಂದಡಿ ಅಂತರವಿಡಿ, ದಾಟಲೇಬೇಕಾದರೆ ನೇರ ಅಡ್ಡಲಾಗಿ ದಾಟಿಸಿ. 25 ಮಿ.ಮೀ. ಪೈಪಿಗೆ ನಾಲ್ಕು ಕೇಬಲ್, 20ಕ್ಕೆ ಎರಡು. ಮೂಲೆಯಲ್ಲಿ ಎಲ್‌ಬೋ ಬೇಡ, ಉದ್ದನೆ ಬೆಂಡ್ ಹಾಕಲಿ. ಕೇಬಲ್ 25 ಮಿ.ಮೀ. ತ್ರಿಜ್ಯಕ್ಕಿಂತ ಚಿಕ್ಕ ತಿರುವು ತೆಗೆದುಕೊಳ್ಳಬಾರದು. ಇಬ್ಬರು ಜಗ್ಗಿ ಎಳೆಯುವಂತಾದರೆ ನಿಲ್ಲಿಸಿ, ಹತ್ತು ಕಿಲೋ ಮೀರಿದ ಎಳೆತಕ್ಕೆ ಒಳಗಿನ ಜೋಡಿಗಳು ಹಿಗ್ಗುತ್ತವೆ.

ತಾರಸಿಯ ಮೇಲೆ ಹೋಗುವುದಾದರೆ ಬಿಳಿ ಪಿವಿಸಿ ಕವಚದ ಕೇಬಲ್ ಬಿಸಿಲಿಗೆ ಬಿರುಕು ಬಿಡುತ್ತದೆ. ಹೊರಾಂಗಣಕ್ಕೆಂದೇ ಬರುವ ಕಪ್ಪು ಪಿಇ (ಪಾಲಿಥಿನ್) ಕವಚದ್ದು ತನ್ನಿ, ಪೈಪಿನೊಳಗೇ ಒಯ್ಯಿರಿ, ಅಳಿಲು, ಇಲಿಗಳಿಂದಲೂ ಉಳಿಯುತ್ತದೆ. ಮಲೆನಾಡು, ಕರಾವಳಿ ಕಡೆ ಮನೆಯಿಂದ ಕೊಟ್ಟಿಗೆಗೋ ಔಟ್‌ಹೌಸಿಗೋ ತಾಮ್ರದ ಕೇಬಲ್ ಎಳೆಯಲೇಬೇಡಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಎಲ್ಲೋ ಹತ್ತಿರ ಸಿಡಿಲು ಬಡಿದರೂ ಎರಡೂ ತುದಿಯ ಸಾಧನ ಸುಟ್ಟುಹೋಗಬಹುದು. ಲೋಹದ ತಂತಿಯೇ ಇಲ್ಲದ ಫೈಬರ್ ಎಳೆದು ಎರಡೂ ಕಡೆ ಮೀಡಿಯಾ ಕನ್ವರ್ಟರ್ (ಬೆಳಕಿನ ಸಿಗ್ನಲನ್ನು ತಾಮ್ರದ ಕೇಬಲ್ಲಿಗೆ ಬದಲಿಸಿಕೊಡುವ ಸಾಧನ) ಇಡಿ. ಫೈಬರ್ ಕನೆಕ್ಟರಿನ ಬಣ್ಣ ಮಾತ್ರ ಮರೆಯಬೇಡಿ: ಹಸಿರಿನ ತುದಿ ಎಂಟು ಡಿಗ್ರಿ ಓರೆ, ನೀಲಿಯದು ಓರೆಯಿಲ್ಲದ್ದು. ಹಸಿರನ್ನು ನೀಲಿಗೆ ಸಿಕ್ಕಿಸಿದರೆ ಕೂರುತ್ತದೆ, ಆದರೆ ಬೆಳಕು ಸೋರಿಹೋಗುತ್ತದೆ.

ಎಳೆಯುವ ಮುಂಚೆಯೇ ಪ್ರತಿ ಕೇಬಲ್‌ನ ಎರಡೂ ತುದಿಗೆ ಒಂದೇ ಸಂಖ್ಯೆ ಬರೆದು ಟೇಪ್ ಸುತ್ತಿ. ಗೋಡೆಯ ಕಡೆ ಒಂದಡಿ, ರೂಟರ್ ಬಾಕ್ಸಿನ ಕಡೆ ಒಂದೂವರೆ ಮೀಟರ್ ಹೆಚ್ಚಿಗೆ ಬಿಡಿ. ಬಣ್ಣ ಬಳಿಯುವ ಮೊದಲು ಲ್ಯಾಪ್‌ಟಾಪ್ ಸಿಕ್ಕಿಸಿ ಒಂದೊಂದೇ ಪಾಯಿಂಟಿನಲ್ಲಿ 1 ಗಿಗಾಬಿಟ್ ಲಿಂಕ್ ಬರುತ್ತಿದೆಯೇ ನೋಡಿ, ದೊಡ್ಡ ಫೈಲೊಂದನ್ನು ಕಳುಹಿಸಿಯೂ ನೋಡಿ. ಕೇಬಲ್ ಎಳೆಯುವಾಗ ಅದರ ಜೊತೆಗೇ ಒಂದು ನೈಲಾನ್ ದಾರ ಎಳೆಸಿ, ಎರಡೂ ತುದಿ ಗಂಟು ಹಾಕಿ ಪೈಪಿನಲ್ಲೇ ಬಿಟ್ಟುಬಿಡಿ. ಮುಂದೆ ಇನ್ನೊಂದು ಕೇಬಲ್ ಬೇಕಾದಾಗ ಗೋಡೆ ಒಡೆಯದೆ ಎಳೆದುಕೊಳ್ಳಬಹುದು.