ಬಾವಿಯ 19 ಮೆಟ್ಟಿಲು

ಭಾನುವಾರ ನಮ್ಮ ಗುಂಪು ಕೂತು ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಆಂಡ್ ಡ್ರಾಗನ್ಸ್ ಆಟಕ್ಕೆ ಒಂದು ಗುಹೆಯ ಮ್ಯಾಪ್ ಬೇಕಿತ್ತು. ಇವತ್ತು ಹಂಪನಕಟ್ಟೆಯಲ್ಲಿ ಎ3 ಪ್ರಿಂಟ್ ತೆಗೆಸಿದೆ.

ಜೆರಾಕ್ಸ್ ಅಂಗಡಿಯವರು ಹಾಳೆ ತಿರುಗಿಸಿ ನೋಡಿದರು. "ಇದು ಯಾವ ಮನೆಯ ಪ್ಲಾನ್ ಮಾರಾಯ್ರೆ?"

ಮ್ಯಾಪಿನ ಮೂಲೆಯಲ್ಲೊಂದು ಸಣ್ಣ ಬಾವಿ. ಒಳಗಿಳಿಯುವ ಮೆಟ್ಟಿಲು ಒಂದೊಂದೂ ಕೈಯಲ್ಲೇ ಬಿಡಿಸಿದ್ದು. ಎಣಿಸಿದೆ, 19. ಒಂದು ಮೆಟ್ಟಿಲು ಮುರಿದಿದೆ, ಅದಕ್ಕೂ ನೆರಳು ಹಾಕಿದ್ದಾರೆ.

ಪ್ರಿಂಟಿಗೆ ದುಡ್ಡು ಕೊಟ್ಟೆ. ಬಿಡಿಸಿದವರಿಗೆ ಕೊಟ್ಟಿರಲಿಲ್ಲ. ಮ್ಯಾಪ್ ಸಿಕ್ಕಿದ ವೆಬ್‌ಸೈಟಿನಲ್ಲಿ "ನಿಮಗೆ ಇಷ್ಟವಾದಷ್ಟು ಕೊಡಿ" ಅಂತಿತ್ತು, ನಾನು ಸೊನ್ನೆ ಒತ್ತಿ ಇಳಿಸಿಕೊಂಡಿದ್ದೆ.

ಫ್ರೀ ಸಿಗದಿದ್ದರೆ ನಾವು ಈ ಆಟಕ್ಕೆ ಬರುತ್ತಲೇ ಇರಲಿಲ್ಲ, ಅದೂ ನಿಜ. ಡಂಜನ್ಸ್ ಆಂಡ್ ಡ್ರಾಗನ್ಸ್‌ನ ಮೂಲ ನಿಯಮಗಳನ್ನೇ ಅದರ ಕಂಪನಿಯವರು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಲೈಸೆನ್ಸಿಗೆ ಬಿಟ್ಟುಕೊಟ್ಟರು. ಮೂಲದ ಹೆಸರು ಹೇಳಿದರೆ ಸಾಕು, ಯಾರು ಬೇಕಾದರೂ ಅದರ ಮೇಲೆ ಹೊಸ ಕಥೆ ಕಟ್ಟಿ ಮಾರಲೂಬಹುದು. ನಮ್ಮ ಗುಂಪು ಶುರುವಾದದ್ದು ಆ ಪಿಡಿಎಫ್ ಇಟ್ಟುಕೊಂಡೇ.

ಆದರೆ ದೊಡ್ಡ ಕಂಪನಿ ಫ್ರೀ ಕೊಡುವುದು ಬೇರೆ, ರಾತ್ರಿ ಕೂತು ಮೆಟ್ಟಿಲು ಬಿಡಿಸಿದ ಒಬ್ಬರು ಫ್ರೀ ಕೊಡುವುದು ಬೇರೆ ಅಲ್ವಾ?

ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ಅವರಿಗೆ ಮೂರು ಡಾಲರ್ ಕಳಿಸಿದೆ.

ಈಗ ಬಾವಿಯ ತಳದಲ್ಲಿ ಏನಿಡುವುದು ಅಂತ ಯೋಚನೆ.