ಕ್ವಿಂಕಂಕ್ಸ್ ಪದ್ಧತಿ ಎಂದರೇನು? ಮಾವಿನ ತೋಟ ಕಟ್ಟುವವರ ಪ್ರಶ್ನೆಗೆ ನನ್ನ ಉತ್ತರ

ಹೊಸದಾಗಿ ಮಾವಿನ ತೋಟ ಕಟ್ಟಲು ಹೊರಟವರು ತೋಟಗಾರಿಕೆಯ ಪುಸ್ತಕಗಳಲ್ಲಿ ‘ಕ್ವಿಂಕಂಕ್ಸ್ ಪದ್ಧತಿ’ ಎಂಬ ಹೆಸರನ್ನು ಓದಿ, ಹಾಗೆಂದರೇನು, ಅದರಿಂದ ಅದೇ ಜಮೀನಿನಲ್ಲಿ ಎರಡರಷ್ಟು ಗಿಡ ಹಿಡಿಯುವುದು ನಿಜವೇ ಎಂದು ನನ್ನನ್ನು ಆಗಾಗ ಕೇಳುತ್ತಾರೆ.

ದಾಳದಲ್ಲಿ ಐದು ಚುಕ್ಕಿಗಳಿರುವ ಮುಖವನ್ನು ನೆನೆಸಿಕೊಂಡರೆ ಆಕಾರ ತಿಳಿಯುತ್ತದೆ: ನಾಲ್ಕು ಮೂಲೆಗೆ ನಾಲ್ಕು, ನಟ್ಟನಡುವೆ ಒಂದು. ಪದ ಲ್ಯಾಟಿನ್ ಭಾಷೆಯದು. ರೋಮನ್ನರ ‘ಆಸ್’ ಎಂಬ ನಾಣ್ಯದ ಹನ್ನೆರಡನೆಯ ಒಂದು ಭಾಗಕ್ಕೆ ‘ಉಂಕಿಯ’ ಎಂದು ಹೆಸರು. ನಾವು ದಿನವೂ ಬಳಸುವ ಔನ್ಸ್, ಇಂಚು ಎರಡಕ್ಕೂ ಅದೇ ಮೂಲ. ಅಂಥ ಐದು ಭಾಗ ಸೇರಿದರೆ ಕ್ವಿಂಕಂಕ್ಸ್. ಆ ಬೆಲೆಯ ನಾಣ್ಯದ ಮೇಲೆ ಐದು ಚುಕ್ಕಿಗಳಿರುತ್ತಿದ್ದವು, ಹೀಗಾಗಿ ಲೆಕ್ಕದ ಪದ ಜೋಡಣೆಯ ಪದವೂ ಆಯಿತು. ರೋಮನ್ನರು ಮರಗಳನ್ನು ಈ ಕ್ರಮದಲ್ಲಿ ನೆಡುತ್ತಿದ್ದರು, ಕ್ರಿ.ಪೂ. 52ರಲ್ಲಿ ಅಲೇಸಿಯಾದ ಮುತ್ತಿಗೆಯಲ್ಲಿ ಸೀಸರ್ ಶತ್ರುಗಳಿಗಾಗಿ ಚೂಪು ಗೂಟದ ಗುಂಡಿಗಳನ್ನು ತೋಡಿಸಿದ್ದೂ ಇದೇ ಕ್ರಮದಲ್ಲಿ.

ತೋಟದಲ್ಲಿ ಇದನ್ನು ಗುರುತು ಹಾಕುವುದು ಕಷ್ಟವಲ್ಲ. ಮೊದಲ ಮೂಲೆಯಲ್ಲಿ ಹಗ್ಗದಿಂದ ಒಂದು ಬದಿಗೆ 3 ಮೀಟರ್, ಇನ್ನೊಂದು ಬದಿಗೆ 4 ಮೀಟರ್ ಅಳೆದು, ಆ ಎರಡು ತುದಿಗಳ ನಡುವೆ ಸರಿಯಾಗಿ 5 ಮೀಟರ್ ಬರುವಂತೆ ಹೊಂದಿಸಿದರೆ ಮೂಲೆ ನೇರವಾಗುತ್ತದೆ. ಅಲ್ಲಿಂದ 10 ಮೀಟರ್ ಅಂತರದ ಚೌಕಗಳಿಗೆ ಗೂಟ ಹೊಡೆದು, ಪ್ರತಿ ಚೌಕದ ಎದುರುಬದುರು ಮೂಲೆಗಳಿಗೆ ಎರಡು ಹಗ್ಗ ಎಳೆದು, ಅವು ಒಂದನ್ನೊಂದು ದಾಟುವಲ್ಲಿ ಐದನೆಯ ಗೂಟ ನೆಡಬೇಕು.

ಇನ್ನು ‘ಎರಡರಷ್ಟು’ ಎಂಬ ಮಾತು. ಪ್ರತಿ ಬದಿ 100 ಮೀಟರ್ ಇರುವ ಒಂದು ಹೆಕ್ಟೇರಿನಲ್ಲಿ, ಅಂಚಿನಿಂದ 5 ಮೀಟರ್ ಒಳಗೆ ಶುರುಮಾಡಿದರೆ, ಸಾಲಿಗೆ 10ರಂತೆ 100 ಮಾವು ಹಿಡಿಯುತ್ತವೆ. ಅವುಗಳ ನಡುವೆ ಉಂಟಾಗುವ ಚೌಕಗಳು 81 ಮಾತ್ರ. ಹಾಗಾಗಿ ಒಟ್ಟು 181. ಜಮೀನು ಚಿಕ್ಕದಾದಷ್ಟೂ ಈ ಲಾಭ ಇನ್ನೂ ಕಡಿಮೆ.

ಆದರೆ ನನಗೆ ಸಂಖ್ಯೆಗಿಂತ ಮುಖ್ಯವೆನಿಸುವುದು ನಡುವಿನ ಗಿಡದ ಹಣೆಬರಹ. ಮೂಲೆಯ ಮಾವಿಗೂ ಅದಕ್ಕೂ ಇರುವ ದೂರ ಸುಮಾರು 7 ಮೀಟರ್. ಅಲ್ಲಿಯೂ ಮಾವನ್ನೇ ನೆಟ್ಟು ಕೊನೆಯವರೆಗೂ ಉಳಿಸಿಕೊಂಡರೆ, ಆ ತೋಟ ಓರೆಯಾಗಿ ತಿರುಗಿಸಿಟ್ಟ 7 ಮೀಟರ್ ಚೌಕದ ತೋಟವೇ ಹೊರತು ಬೇರೇನೂ ಅಲ್ಲ. ಮೂಲೆಯ ಗೂಟದಲ್ಲಿ ನಿಂತು ಓರೆಸಾಲುಗಳ ಉದ್ದಕ್ಕೆ ಕಣ್ಣು ಹಾಯಿಸಿದರೆ ಇದು ಎದ್ದು ಕಾಣುತ್ತದೆ. ಈ ಪದ್ಧತಿಯ ಉದ್ದೇಶವೇ ಬೇರೆ. ಮಾವು ಹರಡಿ ಬೆಳೆಯಲು ಹಲವು ವರ್ಷ ಬೇಕು. ಅಷ್ಟರವರೆಗೆ ಖಾಲಿ ಬೀಳುವ ನಡುಜಾಗದಲ್ಲಿ ಪಪ್ಪಾಯಿ, ಬಾಳೆ ಅಥವಾ ಸೀಬೆಯಂಥ ಬೇಗ ಫಲ ಕೊಡುವ ಗಿಡದಿಂದ ಆದಾಯ ಪಡೆದು, ಮಾವಿನ ಕೊಂಬೆಗಳು ಹತ್ತಿರವಾಗತೊಡಗಿದಾಗ ಅದನ್ನು ತೆಗೆದುಹಾಕಬೇಕು. ಪಪ್ಪಾಯಿ, ಬಾಳೆಯನ್ನು ತೆಗೆಯಲು ಯಾರಿಗೂ ಬೇಸರವಿಲ್ಲ. ತುಂಬ ಕಾಯಿ ಬಿಡುತ್ತಿರುವ ಸೀಬೆಗೆ ಕೊಡಲಿ ಹಾಕಲು ಮಾತ್ರ ಮನಸ್ಸು ಬರುವುದಿಲ್ಲ, ಇನ್ನೊಂದು ವರ್ಷ ಇರಲಿ ಎನ್ನುತ್ತಲೇ ಎರಡೂ ಬೆಳೆ ಬಿಸಿಲಿಗಾಗಿ ಪೈಪೋಟಿಗೆ ಬಿದ್ದು ಬಡವಾಗುತ್ತವೆ.

ಆದ್ದರಿಂದ ಈ ಪದ್ಧತಿಯನ್ನು ಆರಿಸಿಕೊಳ್ಳುವವರು ನೆಡುವ ದಿನವೇ ನಡುವಿನ ಗಿಡ ತೆಗೆಯುವುದನ್ನೂ ನಿಶ್ಚಯಿಸಿಕೊಳ್ಳಲಿ. ಅದಕ್ಕೆ ಮನಸ್ಸಿಲ್ಲದವರು 7 ಮೀಟರ್ ಅಂತರದ ಚೌಕದಲ್ಲೇ ಮಾವನ್ನು ನೆಟ್ಟು, ಪ್ರತಿವರ್ಷ ಕೊಯ್ಲಿನ ನಂತರ ಕೊಂಬೆ ಸವರಿ ಮರವನ್ನು ಅಳತೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.