90 ದಿನದ ಚೀಟಿ

ಪುಣೆಯ ವಾರಜೆಯಲ್ಲಿ, ಕೂಲಿಕಾರರು ದಿನದ ಕೆಲಸಕ್ಕಾಗಿ ಕಾಯುವ ಮಜೂರ್ ಅಡ್ಡಾದಲ್ಲಿ ಬೆಳಿಗ್ಗೆ ಎಂಟಕ್ಕೆ ನಿಂತರೆ ಮರಾಠಿಯ ನಡುವೆ ಯಾದಗಿರಿ, ಕಲಬುರಗಿಯ ಕನ್ನಡ ಕಿವಿಗೆ ಬೀಳುತ್ತದೆ. ನಮ್ಮನೆಗೆ ಪಾತ್ರೆ ತಿಕ್ಕಲು ಬರುವ ಹೆಣ್ಣುಮಗಳ ಗಂಡ ಅಲ್ಲಿಂದಲೇ ಕೆಲಸ ಹಿಡಿಯುತ್ತಿದ್ದ. ಗೌಂಡಿ. ದಿನಕ್ಕೆ 900 ರೂಪಾಯಿ. 2023ರ ಮಳೆಗಾಲದಲ್ಲಿ ಒದ್ದೆ ಸಾರುವೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡ.

ನಾನು ಧಾರವಾಡದಲ್ಲಿ ಬಿ.ಎ. ಅರ್ಥಶಾಸ್ತ್ರ ಓದಿದವಳು. (ಈಗ ಮಾಡುವುದು ಬಿಲ್ಲು ಬರೆಯುವ ಕೆಲಸ, ಆ ಮಾತು ಬೇರೆ.) ಸುಮ್ನೆ ಲೆಕ್ಕ ಹಾಕಿದೆ. ಬಡವರನ್ನು ಎಣಿಸಲು ತೆಂಡೂಲ್ಕರ್ ಸಮಿತಿ ಹೇಳಿದ ಪದ್ಧತಿಯಲ್ಲಿ 2011-12ರ ನಗರದ ಬಡತನ ರೇಖೆ ತಲೆಗೆ ತಿಂಗಳಿಗೆ 1000 ರೂಪಾಯಿ. ಬೆಲೆ ಎರಡು ಪಟ್ಟಾಗಿದೆ ಅಂತ ಹಿಡಿದರೂ ಐದು ಜನಕ್ಕೆ 10,000. ಇವನಿಗೆ ತಿಂಗಳಲ್ಲಿ 20 ದಿನ ಕೆಲಸ ಸಿಕ್ಕರೆ 18,000. ಅಂದ್ರೆ ಇವರು ಬಡವರಲ್ಲ! ಅವನು ಬಿದ್ದ ವಾರದಲ್ಲೇ ಅವಳ ಬೋರಮಾಳ, ಅಂದರೆ ಚಿನ್ನದ ಗುಂಡಿನ ಸರ, ಗಿರವಿಗೆ ಹೋಯಿತು. ಅದು ಯಾವ ರೇಖೆಗೂ ಕಾಣುವುದಿಲ್ಲ. ಇಲ್ಲದಿರುವುದು ಬೇರೆ, ಪೆಟ್ಟು ಬಿದ್ದಾಗ ತಡೆದುಕೊಳ್ಳಲು ಆಸರೆ ಇಲ್ಲದಿರುವುದು ಬೇರೆ ಅಂತ ಬಡತನದ ಬಗ್ಗೆ ಅಧ್ಯಯನ ಮಾಡಿದ ರಾಬರ್ಟ್ ಚೇಂಬರ್ಸ್ 1989ರಲ್ಲೇ ಬರೆದಿದ್ದರು. ನಾನದನ್ನು ಐದು ಅಂಕಕ್ಕೆ ಬಾಯಿಪಾಠ ಮಾಡಿದ್ದೆ.

ಕಾನೂನು ಇರಲಿಲ್ಲ ಅಂತಲ್ಲ. ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆ ಇತ್ತು. ಕಟ್ಟುವ ಖರ್ಚಿನ ಮೇಲೆ ಸೆಸ್ ಅನ್ನುವ ತೆರಿಗೆ ವಸೂಲಾಗಿ ಅವರ ಕಲ್ಯಾಣ ಮಂಡಳಿಗೇ ಹೋಗುತ್ತಿತ್ತು. ಆದರೆ ಆ ಮಂಡಳಿಯಲ್ಲಿ ಹೆಸರು ಹಚ್ಚಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದಕ್ಕೆ ಚೀಟಿ ಬೇಕಿತ್ತು. ಅಡ್ಡಾದಲ್ಲಿ ನಿಲ್ಲುವವನಿಗೆ ಇಂದು ಒಬ್ಬ ಠೇಕೇದಾರ, ನಾಳೆ ಇನ್ನೊಬ್ಬ. ನಾನೇ ಇಬ್ಬರಿಗೆ ಫೋನ್ ಮಾಡಿದೆ. ಒಬ್ಬ ಎತ್ತಲಿಲ್ಲ. ಇನ್ನೊಬ್ಬ, "ನನ್ನ ಹತ್ತಿರ ಬಂದಿದ್ದು ಮೂರು ದಿನ, ಬೇಕಾದ್ರೆ ಮೂರು ದಿನದ್ದು ಬರೆದು ಕೊಡ್ತೀನಿ" ಅಂದ. ಅವನ ಮಾತು ಸುಳ್ಳೂ ಅಲ್ಲ, ಅಲ್ವಾ?

ರೇಷನ್ ಆದರೂ ತಗೋ ಅಂತ ಅವಳಿಗೆ ಅಂದೆ. "ಇಲ್ಲಿ ತಗೊಂಡ್ರ ಊರಾಗ ನಮ್ಮತ್ತಿಗಿ ಬಂದ್ ಮಾಡ್ತಾರಂತ್ರೀ ಅಕ್ಕಾರ" ಅಂದಳು. ಹಾಗೇನಿಲ್ಲ. ಊರಿನ ಕಾರ್ಡಿಗೆ ಬೇರೆ ರಾಜ್ಯದಲ್ಲೂ ರೇಷನ್ ಕೊಡುವ 'ಒಂದು ದೇಶ ಒಂದು ಕಾರ್ಡ್' ಯೋಜನೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ 2020ರ ಜನವರಿಯಲ್ಲೇ ಸೇರಿವೆ. ತಲೆಗೆ 5 ಕೆಜಿಯಂತೆ ನಾಲ್ವರ ಪಾಲು ಇಲ್ಲಿ, ಅತ್ತೆಯ ಪಾಲು ಅಲ್ಲಿ ಎತ್ತಬಹುದು. ಇದನ್ನು ಯಾರೂ ಹೇಳದೆ ಮೂರು ವರ್ಷ ಕಿರಾಣಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಅಕ್ಕಿ ತಂದಿದ್ದಾಳೆ.

ರೇಷನ್ ಅಂಗಡಿಗೆ ನಾನೂ ಜೊತೆಗೆ ಹೋದೆ. ಮೆಷಿನ್‌ನಲ್ಲಿ ಅವಳ ಹೆಬ್ಬೆರಳಿನ ಗುರುತು ಎರಡು ಸಲ ಹತ್ತಲಿಲ್ಲ, ಮೂರನೇ ಸಲಕ್ಕೆ ಹತ್ತಿತು. ಗೋಧಿ, ಅಕ್ಕಿ ಸೇರಿ 20 ಕೆಜಿ. ಚೀಲ ಬಿಚ್ಚಿ ನೋಡಿ, "ಜ್ವಾಳ ಕೊಡಂಗಿಲ್ಲೇನ್ರೀ ಇವ್ರು?" ಅಂದಳು.